ಮೊಣಕಾಲು ನೋವಿಗೆ ಸೂಜಿಯೋ, ಕರೆಂಟೋ, ಕುರ್ಚಿಯೋ

ತೊಗರಿ ರಾಶಿ ಮುಗಿಯಿತೆಂದರೆ ಕಲಬುರಗಿಯಲ್ಲಿ ನಮ್ಮಂಥ ಫಿಸಿಯೋಥೆರಪಿಯವರಿಗೆ ಸುಗ್ಗಿ. ಡಿಸೆಂಬರ್, ಜನವರಿಯಲ್ಲಿ ಬಗ್ಗಿ ಕೊಯ್ದವರು, ಚೀಲ ಹೊತ್ತವರು ಸಂಕ್ರಾಂತಿ ದಾಟಿದ ಮೇಲೆ ಟೊಂಕ, ಮೊಣಕಾಲು ಹಿಡಿದುಕೊಂಡು ಬರುತ್ತಾರೆ. ಅಷ್ಟರಲ್ಲಿ ಮುಲಾಮು, ಮೆಡಿಕಲ್ ಅಂಗಡಿಯ ಗುಳಿಗೆ, ಎಣ್ಣೆ ತಿಕ್ಕಿಸುವುದು, ಹಿಜಾಮಾ (ಚರ್ಮ ಗೀರಿ, ಬಟ್ಟಲಿಟ್ಟು ರಕ್ತ ಹೀರಿಸುವುದು) ಎಲ್ಲ ಆಗಿರುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಇಷ್ಟೇ: ಏನೇನು ಮಾಡಿಸಿದಿರಿ, ಯಾವುದರಿಂದ ಎಷ್ಟು ದಿನ ಆರಾಮಿತ್ತು?

ಉತ್ತರಗಳು ಹೆಚ್ಚುಕಡಿಮೆ ಒಂದೇ. ಗುಳಿಗೆಗೆ ಒಂದು ಹೊತ್ತು, ಮಷೀನಿಗೆ ಅವತ್ತಿನ ಸಂಜೆತನಕ, ಕೀಲಿಗೆ ಹಾಕಿಸಿದ ಸ್ಟಿರಾಯ್ಡ್ ಸೂಜಿಗೆ ಕೆಲವು ವಾರ. ಆರಾಮಿದ್ದ ಆ ದಿನಗಳಲ್ಲಿ ಕಾಲಿಗೆ ಬಲ ಬರುವಂಥದ್ದೇನಾದರೂ ಮಾಡಿದಿರಾ ಎಂದರೆ ಮಾತಿಲ್ಲ.

ನೋವಿದ್ದ ಕಡೆ ಸಣ್ಣಗೆ ವಿದ್ಯುತ್ ಹರಿಸುವ ಕರೆಂಟಿನ ಮಷೀನು ನನ್ನ ಕ್ಲಿನಿಕ್ಕಿನಲ್ಲೂ ಇದೆ. ಜನ ಬರುವುದೇ ಅದಕ್ಕೆ. ಕೀಲು ಸವೆತಕ್ಕೆ ಇಂಥ ಮಷೀನು ಬೇಡ, ಎಲ್ಲರಿಗೂ ವ್ಯಾಯಾಮ ಕೊಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲೇ ಬರೆದಿದೆ. ಆದರೂ ಕಾಲು ಅಲ್ಲಾಡಿಸಲೇ ಹೆದರುವವರಿಗೆ ಮೊದಮೊದಲು ಸ್ವಲ್ಪ ಹೊತ್ತು ಹಚ್ಚುತ್ತೇನೆ, ಆಮೇಲೆ ಬಿಡಿಸುತ್ತೇನೆ. ಜೇವರ್ಗಿ ಕಡೆಯ ಒಬ್ಬ ಅವ್ವ ಬಿಡಲು ಒಪ್ಪಲಿಲ್ಲ.

"ಕರೆಂಟ್ ಹಚ್ಚೋ ತಮ್ಮಾ, ಬಸ್ಕಿ ಹೊಡಿಯೋ ವಯಸ್ಸೇನೋ ನಂದು?"

"ಬಸ್ಕಿ ಬ್ಯಾಡ ಬಿಡವ್ವ. ಗ್ವಾಡಿ ಹಿಡೀದೆ ಎದ್ದು ನಿಂದರಬೇಕೋ ಬ್ಯಾಡೋ?"

"ಅದು ಬೇಕಪ."

ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಸಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಏಳುತ್ತಾರೆ ನೋಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಪರೀಕ್ಷೆ. ಅವ್ವನಿಗೆ ಒಂದು ಸಲವೂ ಆಗಲಿಲ್ಲ. ಕೈ ತಾನಾಗಿಯೇ ತೊಡೆಗೆ ಹೋಯಿತು. ಕುರ್ಚಿಯ ಮೇಲೆ ಕೌದಿ ಮಡಚಿ ಎತ್ತರ ಮಾಡಿದೆ. ಆಗ ಎದ್ದರು. ಮನೆಯಲ್ಲೂ ಹಾಗೇ ಹೊರಸಿನ ಮೇಲೆ ಮಾಡಲು ಹೇಳಿದೆ: ದಿನಕ್ಕೆ ಎರಡು ಹೊತ್ತು, ಸಲೀಸಾದಂತೆ ಕೌದಿಯ ಒಂದೊಂದು ಮಡಿಕೆ ಕಡಿಮೆ. ಜೊತೆಗೆ ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಐದು ಎಣಿಸುವ ತನಕ ಒತ್ತಿ ಹಿಡಿಯುವುದು. ಮಾಡುವಾಗ ನೋಯುತ್ತದೆ, ನೋಯಲಿ. ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅಳತೆ ಸರಿಯಿದೆ. ಇಳಿಯದಿದ್ದರೆ ಅರ್ಧ ಮಾಡಬೇಕು, ನಿಲ್ಲಿಸಬಾರದು. ಇದರ ಫಲ ಕಾಣಲು ಒಂದೆರಡು ತಿಂಗಳು ಬೇಕು, ಮೊದಲ ದಿನವೇ ಹೇಳಿಬಿಡುತ್ತೇನೆ. ಮೈ ದಪ್ಪವಿದ್ದವರಿಗೆ ಇನ್ನೊಂದು ಲೆಕ್ಕ: ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ.

ಔಷಧಿಯಲ್ಲಿ ನನ್ನ ಒಲವು ಡೈಕ್ಲೋಫಿನಾಕ್ ಜೆಲ್ ಕಡೆಗೆ. ಅದೇ ಜಾತಿಯ ಗುಳಿಗೆ ನುಂಗುವುದಕ್ಕಿಂತ ಹಚ್ಚಿಕೊಳ್ಳುವುದರಿಂದ ಹೊಟ್ಟೆಗೆ, ಕಿಡ್ನಿಗೆ ತೊಂದರೆ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬೆವರಿ ನೀರಿಳಿದ ಮೈಗೆ ಬಿಪಿ ಗುಳಿಗೆಯ ಜೊತೆ ನೋವಿನ ಗುಳಿಗೆಯೂ ಬಿದ್ದರೆ ಕಿಡ್ನಿಗೆ ಏಟು. ಸ್ಟಿರಾಯ್ಡ್ ಸೂಜಿ ಬೇಡವೇ ಬೇಡ ಎನ್ನುವವನಲ್ಲ ನಾನು. ಬಾತು ಮಡಚಲೇ ಆಗದ ಮೊಣಕಾಲಿಗೆ ಮೂಳೆ ಡಾಕ್ಟರು ಹಾಕಿದರೆ ಆ ಕೆಲವು ವಾರಗಳಲ್ಲಿ ವ್ಯಾಯಾಮ ಶುರು ಮಾಡಬಹುದು. ಶುಗರ್ ಇದ್ದವರಿಗೆ ಕೆಲವು ದಿನ ಶುಗರ್ ಏರುತ್ತದೆ, ತಪಾಸಿಸುತ್ತಿರಬೇಕು. ಹೆಸರಿಲ್ಲದ ಪುಡಿಪೊಟ್ಟಣ ಮಾತ್ರ ಮುಟ್ಟಬೇಡಿ. ತಿಂದ ಎರಡೇ ದಿನಕ್ಕೆ ಜಾದೂ ಆಯಿತೆಂದರೆ ನನಗೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಅನುಮಾನ. ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ಬಿಡುವುದೂ ಅಪಾಯ, ಅಂಥವರನ್ನು ಪೊಟ್ಟಣದ ಸಮೇತ ಫಿಜಿಷಿಯನ್ ಹತ್ತಿರ ಕಳಿಸುತ್ತೇನೆ. ಹಿಜಾಮಾದ ಬಗ್ಗೆ ಜಗಳ ಆಡುವುದಿಲ್ಲ. ಬ್ಲೇಡು ಹೊಸದಿರಲಿ, ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಹೋಗಬೇಡಿ, ಅಷ್ಟೇ.

ಎಲ್ಲ ನೋವೂ ನನ್ನ ಟೇಬಲ್ಲಿನದಲ್ಲ. 2005-06ರಲ್ಲಿ ಚಿಕೂನ್‌ಗುನ್ಯ ನಮ್ಮ ಜಿಲ್ಲೆಗೂ ಬಂದಾಗ ಜ್ವರ ಬಿಟ್ಟ ಮೇಲೂ ಕೀಲು ಬಿಡದೆ ತಿಂಗಳುಗಟ್ಟಲೆ ನರಳಿದವರಿದ್ದಾರೆ. ಹಲವು ಕೀಲು ಒಟ್ಟಿಗೆ ಬಾತು, ಬೆಳಿಗ್ಗೆ ತಾಸುಗಟ್ಟಲೆ ಬಿಗಿದಿದ್ದರೆ ಮೊದಲು ರಕ್ತಪರೀಕ್ಷೆ. ಯಾದಗಿರಿ ಕಡೆಯವರು ಕುತ್ತಿಗೆ, ಬೆನ್ನು ಎರಡೂ ಬಿಗಿದು ಬಂದರೆ ಕುಡಿಯುವ ನೀರು ಯಾವುದೆಂದು ಕೇಳುತ್ತೇನೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್‌ನ ಬೋರ್‌ವೆಲ್ ನೀರು ವರ್ಷಾನುಗಟ್ಟಲೆ ಕುಡಿದವರಿಗೆ ಯಾವ ವ್ಯಾಯಾಮ ಹೇಳಿದರೂ ನೀರು ಬದಲಾಗದೆ ಉಪಯೋಗವಿಲ್ಲ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಟಿಬಿ ತಪಾಸಣೆ. ಮೂತ್ರ ಕಟ್ಟಿ, ತೊಡೆಸಂದು ಮರಗಟ್ಟಿದರೆ ಅದೇ ದಿನ ದೊಡ್ಡಾಸ್ಪತ್ರೆ.

ಹಳ್ಳಿಯಿಂದ ದಿನಾ ಬಸ್ಸಿಗೆ ದುಡ್ಡು ಹಾಕಿ ಬಾ ಎನ್ನಲು ನನಗೆ ಮನಸ್ಸಿಲ್ಲ. ಓದು ಬಾರದವರಿಗೆ ಮೊಮ್ಮಕ್ಕಳ ಮೊಬೈಲಿನಲ್ಲಿ ಅವರು ಮಾಡುವುದನ್ನೇ ವಿಡಿಯೋ ಹಿಡಿದು ಕೊಡುತ್ತೇನೆ, ಮುಂದಿನ ಭೇಟಿ ಅವರು ಹೇಗೂ ಊರಿಗೆ ಬರುವ ದಿನಕ್ಕೆ. ಜೇವರ್ಗಿಯ ಅವ್ವ ಈಗ ಕೌದಿಯಿಲ್ಲದೆ ಏಳುತ್ತಾರೆ. ಕರೆಂಟ್ ಹಚ್ಚು ಅನ್ನುವುದನ್ನು ಮಾತ್ರ ಬಿಟ್ಟಿಲ್ಲ.