ಪಾಂಪ್ಲೆಟ್‌ಗಿಂತ ಝೆರಾಕ್ಸ್ ಅಂಗಡಿಯೇ ವಾಸಿ

ಉಡುಪಿಯ ಸಂತೆಕಟ್ಟೆಯಲ್ಲಿ ಅರ್ಜಿ, ಕರಾರು ಪತ್ರ ಬರೆದುಕೊಡುವ ಸಣ್ಣ ಆಫೀಸು ನನ್ನದು. ಮೊದಲ ಎರಡು ತಿಂಗಳು ನೊಣ ಹೊಡೆದದ್ದೇ ಜಾಸ್ತಿ. ಪೇಪರ್ ಒಳಗೆ ಸಾವಿರ ಪಾಂಪ್ಲೆಟ್ ಹಾಕಿಸಿದೆ. ಬಂದದ್ದು ಮೂರು ಫೋನು, ಅದರಲ್ಲಿ ಒಂದು ರಾಂಗ್ ನಂಬರ್.

ಆಮೇಲೆ ಗಮನಿಸಿದೆ. ಜನ ಮೊದಲು ಹೋಗುವುದು ಝೆರಾಕ್ಸ್ ಅಂಗಡಿಗೆ. ‘ಪೌತಿ ಖಾತೆಗೆ ಏನೇನು ಬೇಕು?’ ಅಂತ ಕೇಳುವುದೂ ಅಲ್ಲೇ. (ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ.) ಒಂದು ಹಾಳೆಯಲ್ಲಿ ಬರೆದೆ: ಮರಣ ಪ್ರಮಾಣಪತ್ರ, ವಂಶವೃಕ್ಷ, ಆರ್‌ಟಿಸಿ (ಪಹಣಿ), ವಾರಸುದಾರರ ಆಧಾರ್. ಕೆಳಗೆ ನನ್ನ ನಂಬರು. ಅದನ್ನು ಝೆರಾಕ್ಸ್ ಅಂಗಡಿಯಲ್ಲೇ ತೂಗುಹಾಕಿಸಿದೆ. ಲ್ಯಾಮಿನೇಶನ್‌ಗೆ 30 ರೂಪಾಯಿ, ಅಷ್ಟೇ ಖರ್ಚು. ಅಂಗಡಿಯವರಿಗೂ ಖುಷಿ, ದಿನಾ ಅದೇ ಉತ್ತರ ಹೇಳುವುದು ತಪ್ಪಿತಲ್ವಾ!

ಮಣಿಪಾಲದಲ್ಲಿ ಕಾಲೇಜು ಶುರುವಾಗುವ ಹೊತ್ತಿಗೆ ಮನೆ ಬ್ರೋಕರ್‌ಗಳಿಗೆ 11 ತಿಂಗಳ ಬಾಡಿಗೆ ಕರಾರಿನ ಮಾದರಿ ವಾಟ್ಸ್ಆ್ಯಪ್ ಮಾಡಿದೆ. (ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕು, ಅದಕ್ಕೇ 11.)

ಒಂದು ಎಡವಟ್ಟೂ ಆಯಿತು. ಬೋರ್ಡಿನಲ್ಲಿ ‘ಕಾನೂನು ಸಲಹೆ’ ಅಂತ ಬರೆಸಿದ್ದೆ. ಪರಿಚಯದ ವಕೀಲರೊಬ್ಬರು ಬೈದರು: ‘ನೀವು ವಕೀಲರಲ್ಲ ಮಾರಾಯ್ರೆ, ಮೊದಲು ಅದನ್ನು ಅಳಿಸಿ.’ ಪಾಪ, ಬಾರ್ ಕೌನ್ಸಿಲ್‌ನ 36ನೇ ನಿಯಮದಂತೆ ಅವರಿಗೆ ಜಾಹೀರಾತೇ ಕೂಡದು. ಈಗ ‘ಅರ್ಜಿ, ಕರಾರು ಬರವಣಿಗೆ’ ಅಂತ ಮಾತ್ರ ಇದೆ. ಕೋರ್ಟು ಕೆಲಸ ಬಂದರೆ ಅವರ ಹತ್ತಿರ ಕಳಿಸುತ್ತೇನೆ. ಮೊನ್ನೆ ಅವರೇ ಒಬ್ಬ ಗಿರಾಕಿಯನ್ನು ಇಲ್ಲಿಗೆ ಕಳಿಸಿದರು.