ಊಹೆ ಮಾಡಿ ನಿಲ್ಲಿಸಬೇಡಿ, ಕೇಳಿ

ಯಾರಾದರೂ ನಮ್ಮ ಉದ್ದದ ಮೆಸೇಜಿಗೆ ಬರೀ ‘ಸರಿ’ ಅಂತ ಉತ್ತರಿಸಿದರೆ ‘ಎಷ್ಟು ಜಂಬ’ ಅನ್ನಿಸುತ್ತದೆ. ಅದೇ ನಾವು ಹಾಗೆ ಬರೆದರೆ? ಕೈತುಂಬಾ ಕೆಲಸ ಇತ್ತು, ಅಷ್ಟೇ! ಬೇರೆಯವರ ಪರಿಸ್ಥಿತಿ ಮರೆತು ಅವರ ಗುಣವನ್ನೇ ದೂರುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಅಂತ ಹೆಸರು ಕೊಟ್ಟಿದ್ದರು.

ಹಾಗಾಗಿ ಸಿಟ್ಟಿನಲ್ಲಿ ಉತ್ತರ ಟೈಪ್ ಮಾಡುವ ಮೊದಲು, ಅವರು ಹಾಗೆ ಮಾಡಿರಲು ಎರಡು ಕಾರಣ ಯೋಚಿಸಿ. ಒಂದಾದರೂ ಅವರ ಪರವಾಗಿರಲಿ.

ಆದರೆ ಅಲ್ಲಿಗೇ ನಿಲ್ಲಬೇಡಿ. ಸುಮ್ನೆ ಕೂತು ಅವರ ಜಾಗದಲ್ಲಿ ನಮ್ಮನ್ನು ಕಲ್ಪಿಸಿಕೊಂಡರೆ ಊಹೆ ಹೆಚ್ಚು ಸರಿಯಾಗುವುದಿಲ್ಲ ಅಂತ ಎಯಾಲ್, ಸ್ಟೆಫೆಲ್, ಎಪ್ಲಿ ಎಂಬ ಸಂಶೋಧಕರು 2018ರಲ್ಲಿ 25 ಪ್ರಯೋಗಗಳಿಂದ ತೋರಿಸಿದರು. ನೇರವಾಗಿ ಕೇಳುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಕೇಳುವ ರೀತಿ ಮುಖ್ಯ ಅಲ್ವಾ? ‘ಯಾಕೆ ಹೀಗೆ ಮಾಡಿದ್ರಿ’ ಅಂದರೆ ವಿಚಾರಣೆ ಆಗಿಬಿಡುತ್ತದೆ. ‘ಏನಾಯ್ತು, ಸ್ವಲ್ಪ ಹೇಳ್ತೀರಾ?’ ಅನ್ನಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ವಾಪಸ್ ಹೇಳಿ. ‘ಹೌದು, ಅದೇ’ ಅನ್ನುವ ತನಕ ನಿಮ್ಮ ವಾದ ಶುರು ಮಾಡಬೇಡಿ. ಒಪ್ಪಲೇಬೇಕು ಅಂತೇನಿಲ್ಲ. ಜಗಳ ಜೋರಾಗಿದ್ದಾಗ ಮಾತ್ರ ಈ ಪ್ರಯೋಗ ಬೇಡ, ಇಬ್ಬರೂ ತಣ್ಣಗಾದ ಮೇಲೆ ಮಾಡಿ.