24 ಡಿಗ್ರಿ ಫಿಲ್ಮಿನದ್ದೋ, ಹೀಟರಿನದ್ದೋ? ವನೇಡಿಯಂ ಡೈಆಕ್ಸೈಡ್ ಜೊತೆ ನನ್ನ ಅನುಭವ

ವನೇಡಿಯಂ ಡೈಆಕ್ಸೈಡ್ ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ, ಕರೆಂಟ್ ಅಷ್ಟಾಗಿ ಬಿಡದ ಸ್ಥಿತಿಯಿಂದ ಲೋಹದಂಥ ಸ್ಥಿತಿಗೆ ಬದಲಾಗುತ್ತದೆ. ಇದೇ ಅದರ ಫೇಸ್ ಟ್ರಾನ್ಸಿಶನ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಜಾರಾದ ಎಸ್.ಪಿ. ರೋಡಿನ ಸಾಮಾನಿನಿಂದ ಇದನ್ನು ಅಳೆಯೋಕೆ ಆಗಲ್ಲ ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ರೆಡಿಮೇಡ್ ಸೆಟಪ್‌ಗೆ ಬಂದ ಕೊಟೇಶನ್ ಸುಮಾರು 18 ಲಕ್ಷ. ನನ್ನ ಕೈಯಲ್ಲಿ ಇದ್ದದ್ದು 40 ಸಾವಿರ. ತಾಪಮಾನ ನಿಯಂತ್ರಿಸುವ ಪಿಐಡಿ ಕಂಟ್ರೋಲರ್, ಕಾರ್ಟ್ರಿಜ್ ಹೀಟರ್, ತಾಮ್ರದ ಬ್ಲಾಕ್ ತಂದು ನಾನೇ ಜೋಡಿಸಿದೆ.

ಫಿಲ್ಮೇ ಮೊದಲು ಸತಾಯಿಸಿತು. ಸಫೈರ್ ತುಂಡಿನ ಮೇಲೆ ವನೇಡಿಯಂ ಸ್ಪಟ್ಟರ್ ಮಾಡಿ (ತೆಳು ಪದರವಾಗಿ ಕೂರಿಸಿ), ಟ್ಯೂಬ್ ಫರ್ನೇಸಿನಲ್ಲಿ ಕಡಿಮೆ ಪ್ರೆಶರ್‌ನಲ್ಲಿ ಕಾಯಿಸುತ್ತಿದ್ದೆ. ಗಾಳಿ ಸ್ವಲ್ಪ ಜಾಸ್ತಿಯಾದರೆ ಹಳದಿ ಪೆಂಟಾಕ್ಸೈಡ್. ಕಡಿಮೆಯಾದರೆ 68 ಡಿಗ್ರಿ ದಾಟಿದರೂ ಫಿಲ್ಮ್ ಬದಲಾಗಲ್ಲ. ಹದಿನೈದೋ ಹದಿನಾರೋ ಸ್ಯಾಂಪಲ್ ಹಾಳಾದವು, ಸಫೈರ್ ತುಂಡುಗಳಿಗೇ 12 ಸಾವಿರ ಹೋಯಿತು. ಕೊನೆಗೆ ಸಿಕ್ಕ ಪ್ರೆಶರ್ ಎಷ್ಟು ಅನ್ನೋದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ.

ಆಮೇಲೆ ಫಿಲ್ಮಿನ ರೆಸಿಸ್ಟೆನ್ಸ್‌ನಲ್ಲಿ ಜಿಗಿತ ಬಂತು: 200 ಕಿಲೋ ಓಮ್‌ನಿಂದ 150 ಓಮ್‌ಗೆ! ಹಿಸ್ಟರೆಸಿಸ್ ಅಗಲ, ಅಂದರೆ ಕಾಯುವಾಗ ಮತ್ತು ಆರುವಾಗ ಜಿಗಿಯುವ ತಾಪಮಾನಗಳ ಅಂತರ, 24 ಡಿಗ್ರಿ. 2002ರಲ್ಲಿ ಲೋಪೆಜ್ ಎಂಬ ವಿಜ್ಞಾನಿಯ ತಂಡ ಇದೇ ವಸ್ತುವಿನ ನ್ಯಾನೋ ಕಣಗಳಲ್ಲಿ ಅಗಲ ಹಿಸ್ಟರೆಸಿಸ್ ತೋರಿಸಿತ್ತು ಅಲ್ವಾ, ನನ್ನದೂ ಅದೇ ಅಂದುಕೊಂಡು ಡ್ರಾಫ್ಟ್ ಬರೆದುಬಿಟ್ಟೆ. ಸೀನಿಯರ್ ಒಬ್ಬರು ನೋಡಿ, "ಇದು ನಿನ್ನ ಹೀಟರಿನ ಅಗಲ ಕಣೋ" ಅಂದರು. ಎರಡು ದಿನ ನಿದ್ದೆ ಬರಲಿಲ್ಲ.

ನಿಮಿಷಕ್ಕೆ 5 ಡಿಗ್ರಿ ಏರಿಸುತ್ತಿದ್ದವನು 1ಕ್ಕೆ ಇಳಿಸಿದೆ. ಅಗಲ ಹತ್ತರ ಆಸುಪಾಸಿಗೆ ಬಂತು. 0.25ಕ್ಕೆ ಇಳಿಸಿದೆ, ಎಂಟು. ಅವರು ಹೇಳಿದ್ದು ನಿಜ. ತಾಪಮಾನ ಅಳೆಯುವ ಥರ್ಮೋಕಪಲ್ ಬ್ಲಾಕಿನೊಳಗೆ ಇತ್ತು, ಬೇಗ ಕಾಯಿಸಿದರೆ ಫಿಲ್ಮಿನ ತಾಪಮಾನ ಬ್ಲಾಕಿಗಿಂತ ಹಿಂದೆ ಬೀಳುತ್ತಿತ್ತು. ಅದನ್ನು ಫಿಲ್ಮಿನ ಪಕ್ಕದಲ್ಲೇ ಅಂಟಿಸಿದ ಮೇಲೆ ಏಳು.

ಈ ರೇಟ್ ಪರೀಕ್ಷೆಯೇ ಮುಂದೆ ನನ್ನ ಕೈ ಹಿಡಿಯಿತು. ಸಿಲಿಕಾ ಮೇಲಿನ ತೆಳು ಫಿಲ್ಮನ್ನು ಜಾಸ್ತಿ ಕಾಯಿಸಿ ಬಿಡಿ ಕಣಗಳಾಗಿ ಒಡೆದೆ. ಒಂದಕ್ಕೊಂದು ತಾಗದ ಕಣಗಳಿಗೆ ಪ್ರೋಬ್ ಇಟ್ಟು ರೆಸಿಸ್ಟೆನ್ಸ್ ಅಳೆದು ಪ್ರಯೋಜನವಿಲ್ಲ, ಬೆಳಕು ಹಾಯಿಸಿಯೇ ನೋಡಬೇಕು. ಸುಮ್ನೆ ಟಿವಿ ರಿಮೋಟಿನ ಎಲ್‌ಇಡಿ ಹಾಕಿ ನೋಡಿದೆ. ಅದರ 940 ನ್ಯಾನೋಮೀಟರ್ ತರಂಗಾಂತರದಲ್ಲಿ ವ್ಯತ್ಯಾಸ ತೀರಾ ಕಡಿಮೆ, ಎಲ್ಲಾ ನಾಯ್ಸ್. 1550ರ ಹಳೇ ಟೆಲಿಕಾಂ ಲೇಸರ್ ಹಾಕಿದೆ, ಲೂಪ್ (ಕಾಯುವ, ಆರುವ ಗೆರೆಗಳು ಸೇರಿದ ಗ್ರಾಫ್) ಚೆನ್ನಾಗಿ ತೆರೆದುಕೊಂಡಿತು. ಅಗಲ ಸುಮಾರು 31 ಡಿಗ್ರಿ. ರೇಟ್ 1 ಇರಲಿ, 0.25 ಇರಲಿ, ಒಂದು ಡಿಗ್ರಿ ಆಚೀಚೆ, ಅಷ್ಟೇ. ಇದು ಕಣಗಳದ್ದೇ!

ಅದೇ ಸೀನಿಯರ್‌ಗೆ ಎರಡೂ ರೇಟಿನ ಲೂಪ್ ಒಂದರ ಮೇಲೊಂದು ಇಟ್ಟು ತೋರಿಸಿದೆ. ಅವರು ಕೇಳಿದ್ದು ಒಂದೇ, ಬ್ಲಾಕಿನ ಡ್ರಾಯಿಂಗ್ ಕೊಡ್ತೀಯಾ ಅಂತ.

ನೀವು ಮಾಡುವುದಾದರೆ ಮೊದಲು ಯುಪಿಎಸ್ ತಗೊಳ್ಳಿ. 0.25ರಲ್ಲಿ 30ರಿಂದ 90ಕ್ಕೆ ಹೋಗಿ ಬರಲು ಎಂಟು ಗಂಟೆ ಬೇಕು. ಏಳನೇ ಗಂಟೆಗೆ ಕರೆಂಟ್ ಹೋಗಿ ನಾನು ಮೂರು ಲೂಪ್ ಕಳೆದುಕೊಂಡಿದ್ದೇನೆ.